ಗೋವಿನಜೋಳದ ಹೊಲ, ಚಿಗರಿ ಮತ್ತು ಡ್ರೋನ್: ಕಾನೂನು ನಡೆದು ಬಂದ ದಾರಿ

ರಾಣೆಬೆನ್ನೂರು ಕಡೆ ನಮ್ಮ ಕಾಕಾಗೆ ನಾಲ್ಕು ಎಕರೆ ಹೊಲ ಇದೆ. ಗೋವಿನಜೋಳ ಬಿತ್ತಿ, ಅದು ಗೇಣುದ್ದ ಆಗುವಷ್ಟರಲ್ಲಿ ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು ಬಂದು ನಿಲ್ಲುತ್ತದೆ. ಸುತ್ತ ಹಳೇ ಸೀರೆ ಕಟ್ಟಿದ್ದಾಯಿತು, ತಗಡು ಬಡಿದಿದ್ದಾಯಿತು, ರಾತ್ರಿಯೆಲ್ಲ ಕಾದಿದ್ದೂ ಆಯಿತು. ಹೋದ ಮಳೆಗಾಲದಲ್ಲಿ ಫೋನ್ ಮಾಡಿ ಕೇಳಿದರು: "ತಮ್ಮಾ, ಸಣ್ಣದೊಂದು ಡ್ರೋನ್ ತಂದು ಚಿಗರಿ ಓಡಿಸಿದ್ರ ಕೇಸ್ ಹಾಕ್ತಾರೇನು?"

ಥಟ್ಟನೆ ಉತ್ತರ ಹೇಳಲು ಆಗಲಿಲ್ಲ. ಚಿಗರಿಗೆ ಒಂದು ಕಾನೂನು, ಅದರ ತಲೆ ಮೇಲೆ ಹಾರುವ ಡ್ರೋನಿಗೆ ಇನ್ನೊಂದು. ಎರಡೂ ದಿಲ್ಲಿಯಲ್ಲಿ ಆದವು, ಬೇರೆ ಬೇರೆ ಕಾಲಕ್ಕೆ. ಹೊಲ ಇರುವ ಊರಿನ ಪಂಚಾಯಿತಿಯ ಮಾತು ಎರಡರಲ್ಲೂ ಕಡಿಮೆ.

ಮೊದಲು ಹೀಗಿರಲಿಲ್ಲ. ಗದಗ, ಹಾವೇರಿ ಎರಡೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಮತ್ತು ಆ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಕಾಡುಪ್ರಾಣಿಗಳಿಗೆ ಮುಂಬೈ ರಾಜ್ಯದ್ದೇ 1951ರ ಕಾಯ್ದೆ ಇತ್ತು. ಲೈಸೆನ್ಸ್ ಪಡೆದು ಬೇಟೆ ಆಡಬಹುದಿತ್ತು. ಆಮೇಲೆ 1963ರಲ್ಲಿ ಮೈಸೂರು ರಾಜ್ಯದ ಕಾಯ್ದೆ ಬಂತು. 1972ರಲ್ಲಿ ಇಡೀ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯಿತು. ಎರಡೇ ವರ್ಷಕ್ಕೆ, 1974ರಲ್ಲಿ, ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಜಾಗ ಕೃಷ್ಣಮೃಗ ಅಭಯಾರಣ್ಯವಾಯಿತು. ಅಲ್ಲಿ ಬಹುಪಾಲು ನೀಲಗಿರಿ ನೆಟ್ಟಿದ್ದರು. ಬಯಲು ಹುಲ್ಲುಗಾವಲು ಬೇಕಾಗಿದ್ದ ದೊರವಾಯನ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಾಣದಾಯಿತು, ಚಿಗರಿ ಮಾತ್ರ ಉಳಿಯಿತು. ಹುಲ್ಲು ಕಡಿಮೆಯಾದರೆ ಅದು ಪಕ್ಕದ ಹೊಲಕ್ಕೆ ಬಾರದೆ ಎಲ್ಲಿಗೆ ಹೋಗಬೇಕು? ನಮಗೆ ಚಿಗರಿ ಮೇಲೆ ಸಿಟ್ಟಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರಿಟ್ಟು ಕರೆಯುತ್ತೇವೆ. ಆದರೆ ಬೆಳೆ ಹೋದ ನೋವು ಸಣ್ಣದಲ್ಲ.

1972ರ ಕಾಯ್ದೆಯ 11ನೇ ಸೆಕ್ಷನ್ ಓದಿದರೆ ಕಾಕಾನ ಕಷ್ಟ ಗೊತ್ತಾಗುತ್ತದೆ. ರಕ್ಷಣೆ ಎಷ್ಟು ಅನ್ನುವುದರ ಮೇಲೆ ಕಾಯ್ದೆ ಪ್ರಾಣಿಗಳನ್ನು ಬೇರೆ ಬೇರೆ ಪಟ್ಟಿಗೆ (ಶೆಡ್ಯೂಲ್) ಸೇರಿಸಿದೆ. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ, ಅದು ನಿಂತ ಬೆಳೆ ಹಾಳು ಮಾಡಿದರೆ ಬೇಟೆಗೆ ಲಿಖಿತ ಅನುಮತಿ ಕೊಡಲು ದಾರಿ ಇದೆ. ಚಿಗರಿ ಮೊದಲನೇ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿಗೆ ಬೆಳೆಹಾನಿ ಕಾರಣವೇ ಆಗುವುದಿಲ್ಲ. ಮನುಷ್ಯರ ಜೀವಕ್ಕೆ ಅಪಾಯ ಆಗಿರಬೇಕು, ಇಲ್ಲವೇ ಪ್ರಾಣಿ ವಾಸಿಯಾಗದಷ್ಟು ನರಳುತ್ತಿರಬೇಕು, ಅದಕ್ಕೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶವೇ ಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲುವುದು ಅಷ್ಟೇ ಅಲ್ಲ, ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದೂ ಸೇರಿದೆ. ವಿಡಿಯೋ ಚೆನ್ನಾಗಿ ಬರಲಿ ಅಂತ ಹಿಂಡಿನ ಹಿಂದೆ ಡ್ರೋನ್ ಬಿಟ್ಟು ಓಡಿಸುವ ಹುಡುಗರು ಇದನ್ನು ಓದಬೇಕು.

ಇನ್ನು ಡ್ರೋನ್. 2014ರ ಅಕ್ಟೋಬರಿನಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ಒಂದು ನೋಟಿಸ್ ಹೊರಡಿಸಿ ಖಾಸಗಿಯವರು ಡ್ರೋನ್ ಹಾರಿಸುವುದನ್ನೇ ನಿಲ್ಲಿಸಿತು. ಮದುವೆ ಮನೆಗಳಲ್ಲಿ ಮಾತ್ರ ಅದು ಹಾರುತ್ತಲೇ ಇತ್ತು ಅಲ್ವಾ? 2018ರ ಡಿಸೆಂಬರಿನಿಂದ ನಿಯಮಗಳು ಬಂದವು. ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಮೇಲೆ ಪರಿಸರ ಸಚಿವಾಲಯದ ಅನುಮತಿ ಇಲ್ಲದೆ ಹಾರಿಸಬಾರದು ಅಂತ ಅದರಲ್ಲಿ ಸ್ಪಷ್ಟವಾಗಿತ್ತು. 2021ರ ಆಗಸ್ಟಿನಲ್ಲಿ ಹೊಸ ಡ್ರೋನ್ ನಿಯಮ ಬಂದು ಎಲ್ಲ ಸಡಿಲವಾಯಿತು. ಹಸಿರು ವಲಯದಲ್ಲಿ, ಅಂದರೆ ಡ್ರೋನಿಗೆ ನಿರ್ಬಂಧ ಇಲ್ಲದ ಜಾಗದಲ್ಲಿ, 400 ಅಡಿವರೆಗೆ ಅನುಮತಿ ಬೇಡ. 2 ಕಿಲೋವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಸರ್ಟಿಫಿಕೇಟೂ ಬೇಡ, ನೋಂದಣಿ ನಂಬರ್ ಮಾತ್ರ ಬೇಕು. ವಿಮಾನ ನಿಲ್ದಾಣದಿಂದ 8 ಕಿಲೋಮೀಟರ್ ಒಳಗೆ ಇದು ನಡೆಯುವುದಿಲ್ಲ. ಗೋಕುಲ ರಸ್ತೆಯಲ್ಲೇ ನಿಲ್ದಾಣ ಇರುವುದರಿಂದ ಹುಬ್ಬಳ್ಳಿಯ ಬಹುಪಾಲು ಮನೆಗಳ ಮಾಳಿಗೆ ಆ ಲೆಕ್ಕಕ್ಕೆ ಬರುತ್ತವೆ. ತಪ್ಪಿದರೆ 1 ಲಕ್ಷ ರೂಪಾಯಿವರೆಗೆ ದಂಡ.

ಸ್ಥಳೀಯವಾಗಿ ಏನು ಮಾಡಬಹುದು? ತುರ್ತು ಇದ್ದರೆ ರಾಜ್ಯ ಸರ್ಕಾರ ಅಥವಾ ಪೊಲೀಸರು ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ, ಅಂದರೆ ಡ್ರೋನ್ ಹಾರಿಸಬಾರದ ಜಾಗ, ಮಾಡಬಹುದು. ಒಂದು ಸಲಕ್ಕೆ 96 ಗಂಟೆ. ಗಣ್ಯರ ಭೇಟಿಗೆ, ಜಾತ್ರೆಗೆ ಅದು ಸಾಕು. ಮಾಗಡಿ ಕೆರೆಗೆ ಸಾಕಾಗುವುದಿಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಆ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಚಳಿಗಾಲ ಪೂರ್ತಿ ಇರುತ್ತವೆ, ಬೆಳಗ್ಗೆ ಸಂಜೆ ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ ಮೇಯುತ್ತವೆ. ಒಂದು ಜನವರಿಯಲ್ಲಿ ದಂಡೆಯ ಮೇಲೆ ನಿಂತಿದ್ದೆ. ಯಾರೋ ಡ್ರೋನ್ ಎಬ್ಬಿಸಿದರು. ಸಾವಿರಾರು ಹಕ್ಕಿಗಳು ಒಮ್ಮೆಲೇ ನೀರು ಬಿಟ್ಟು ಎದ್ದವು, ಕೂಗುತ್ತ ಸುತ್ತಿದವು, ಎಷ್ಟೋ ಹೊತ್ತು ಕೆಳಗೆ ಇಳಿಯಲಿಲ್ಲ. ಅಷ್ಟು ದೂರ ಹಾರಿ ಬಂದ ಹಕ್ಕಿಗೆ ಸುಮ್ನೆ ಒಂದು ವಿಡಿಯೋಗಾಗಿ ಈ ದಣಿವು ಕೊಡಬೇಕಾ? ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ನೋಡಲು ಬರುವವರೂ ಜಾಸ್ತಿ.

ಮಾಗಡಿಯಲ್ಲಿ ದಾರಿ ಇದೆ ಅನ್ನುವುದು ನನ್ನ ನಂಬಿಕೆ. ಅದು ಸಂರಕ್ಷಣಾ ಮೀಸಲು ಪ್ರದೇಶ. ಅಂಥ ಕಡೆ ಪ್ರಾಣಿ-ಪಕ್ಷಿಗಳನ್ನು ಕೆಣಕಬಾರದು ಅಂತ ವನ್ಯಜೀವಿ ಕಾಯ್ದೆಯಲ್ಲೇ ಇದೆ. ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೆ ಕುರ್ಚಿಯೂ ಇದೆ. ನವೆಂಬರಿನಿಂದ ಮಾರ್ಚ್‌ವರೆಗೆ ಕೆರೆ ಮೇಲೆ ಡ್ರೋನ್ ಬೇಡ ಅಂತ ಆ ಪ್ರತಿನಿಧಿ ಸಭೆಯಲ್ಲಿ ಎದ್ದು ಹೇಳಬೇಕು, ದಂಡೆಯ ಮೇಲೆ ಬೋರ್ಡ್ ಹಾಕಿಸಬೇಕು. ಊರಿನ ಮಾತು ನಡೆಯುವುದಿಲ್ಲ ಅನ್ನುವವರಿಗೆ ಗದಗ ಜಿಲ್ಲೆಯ ಕಪ್ಪತಗುಡ್ಡ ನೆನಪಿರಲಿ. 2015ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಮಾಡಿ, ಮರುವರ್ಷ ಸರ್ಕಾರವೇ ಆದೇಶ ವಾಪಸ್ ಪಡೆಯಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಸತ್ಯಾಗ್ರಹ ನಡೆಯಿತು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಜನರ ಜೊತೆ ಕೂತರು. ಅದೇ ಏಪ್ರಿಲಿನಲ್ಲಿ ಮೀಸಲು ಸ್ಥಾನ ಮರಳಿತು, 2019ರಲ್ಲಿ ಅಭಯಾರಣ್ಯವೇ ಆಯಿತು.

ಕಾಕಾಗೆ ಡ್ರೋನ್ ಬೇಡ ಅಂದೆ. ಮೇಯ್ದ ಸಾಲುಗಳ ಫೋಟೋ ಮೊಬೈಲಿನಲ್ಲೇ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಬೆಳೆಹಾನಿ ಪರಿಹಾರದ ಅರ್ಜಿ ಕೊಡಲು ಹೇಳಿದೆ. ಮರುದಿನ ನಸುಕಿನಲ್ಲೇ ಹನ್ನೊಂದು ಫೋಟೋ ಕಳಿಸಿದರು. ಕೊನೆಯದರಲ್ಲಿ ಹೊಲದ ಬದುವಿನ ಮೇಲೆ ಚಿಗರಿಯೂ ನಿಂತಿತ್ತು.