ತುಂಗಭದ್ರೆಯ ಆಚೆ ಒಂದು ಬಡ್ಡಿ, ಈಚೆ ಒಂದು ಬಡ್ಡಿ

ಕಂಪ್ಲಿಯಿಂದ ಹೊಳೆ ದಾಟಿದರೆ ಗಂಗಾವತಿ ಸೀಮೆ. 1938ರಲ್ಲಿ ಹಾಗೆ ದಾಟಿದವನಿಗೆ ಸಾಲದ ಕಾನೂನೇ ಬದಲಾಗುತ್ತಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ್ದು; ರಾಯಚೂರು, ಕೊಪ್ಪಳ ನಿಜಾಮನ ಸಂಸ್ಥಾನದವು. ಆ ವರ್ಷ ರಾಜಾಜಿ ಸರ್ಕಾರ ತಂದ ಕೃಷಿಕರ ಋಣ ಪರಿಹಾರ ಕಾಯ್ದೆ, ಹೊಸ ಸಾಲಕ್ಕೆ ವಾರ್ಷಿಕ ಶೇ 6.25ಕ್ಕಿಂತ ಹೆಚ್ಚು ಬಡ್ಡಿ ಕೂಡದೆಂದಿತು. ಹಳೆಯ ಸಾಲದಲ್ಲಿ ಅಸಲಿನ ಎರಡರಷ್ಟು ಕಟ್ಟಿದ್ದವನ ಲೆಕ್ಕ ಅಲ್ಲಿಗೇ ಚುಕ್ತಾ. ಉತ್ತರ ದಡದ ರೈತನಿಗೆ ಈ ಕಾಯ್ದೆ ಇರಲಿಲ್ಲ.

ಹಾಗೆಂದು ದಕ್ಷಿಣ ದಡದವನು ಗೆದ್ದ ಎನ್ನಲಾಗದು. ಬಡ್ಡಿಗೆ ಮಿತಿ ಬಂದಾಗಲೆಲ್ಲ ಸಾಹುಕಾರನಿಗೆ ಗೊತ್ತಿರುವ ಹಳೆಯ ದಾರಿಯೊಂದಿದೆ: ಎಂಟುನೂರು ಕೊಟ್ಟು ಸಾವಿರಕ್ಕೆ ಪತ್ರ ಬರೆಸಿಕೊಳ್ಳುವುದು. ಪತ್ರದಲ್ಲಿ ಬಡ್ಡಿ ಕಾನೂನಿನಷ್ಟೇ ಇರುತ್ತದೆ.

ರಾಜ್ಯಗಳ ಏಕೀಕರಣದ ನಂತರ 1961ರ ಲೇವಾದೇವಿದಾರರ ಕಾಯ್ದೆ ಎರಡೂ ದಡಕ್ಕೆ ಬಂತು. 2004ರಲ್ಲಿ ದುಬಾರಿ ಬಡ್ಡಿ ನಿಷೇಧಿಸುವ ಇನ್ನೊಂದು ಕಾಯ್ದೆ. ಭದ್ರತೆ ಇರುವ ಸಾಲಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16 ಎಂಬುದು ಸರ್ಕಾರದ ಮಿತಿ. ಆದರೆ ನಮ್ಮಲ್ಲಿ ಯಾರೂ ವರ್ಷದ ಶೇಕಡಾ ಲೆಕ್ಕದಲ್ಲಿ ಮಾತನಾಡುವುದಿಲ್ಲ. ‘ಮೂರು ರೂಪಾಯಿ ಬಡ್ಡಿ’ ಎನ್ನುತ್ತಾರೆ, ಅಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ 36. ಶೇ 16 ಎಂದರೆ ತಿಂಗಳಿಗೆ ಒಂದು ರೂಪಾಯಿ ಮೂವತ್ತಮೂರು ಪೈಸೆ; ಆ ದರಕ್ಕೆ ಕೈಗಡ ಕೊಡುವವರನ್ನು ಹುಡುಕಿ ನೋಡಿ.

ದಿನದ ಕಂತಿನದು ಇನ್ನೂ ಸೋಜಿಗ. ಕೈಗೆ ಒಂಬತ್ತು ಸಾವಿರ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲಿ. ‘ಸಾವಿರ ರೂಪಾಯಿ ತಾನೇ’ ಎನಿಸುತ್ತದೆ. ಆದರೆ ಅಸಲು ದಿನದಿನಕ್ಕೂ ಕರಗುತ್ತಿರುತ್ತದೆ. ವರ್ಷಕ್ಕೆ ಹಿಡಿದರೆ ಬಡ್ಡಿ ಶೇ 75 ದಾಟುತ್ತದೆ. ತರಕಾರಿ ಬುಟ್ಟಿ ಇಟ್ಟುಕೊಂಡು ಕುಳಿತವಳು ಈ ಲೆಕ್ಕ ಮಾಡಿಕೊಂಡು ಸಾಲ ಪಡೆಯುತ್ತಾಳೆಯೇ?

ಸಂಘದ ಸಾಲ, ಅಂದರೆ ಮಹಿಳೆಯರ ಗುಂಪುಗಳಿಗೆ ಹಣಕಾಸು ಕಂಪನಿಗಳು ಕೊಡುವ ಕಿರುಸಾಲ, ಇದಕ್ಕೆ ಪರ್ಯಾಯವೆಂದು ಬಂತು. 2010ರಲ್ಲಿ ರಾಯಚೂರಿನ ಗಡಿಯಾಚೆ ಆಂಧ್ರದಲ್ಲಿ ವಸೂಲಿ ಕಿರುಕುಳ, ಆತ್ಮಹತ್ಯೆಗಳ ಸುದ್ದಿ ಸ್ಫೋಟಿಸಿತು. ತಾನೇ ನೇಮಿಸಿದ ಮಾಲೇಗಾಂ ಸಮಿತಿಯ ವರದಿಯ ನಂತರ 2011ರಲ್ಲಿ ರಿಸರ್ವ್ ಬ್ಯಾಂಕ್ ಕಿರುಸಾಲಕ್ಕೆ ಶೇ 26ರ ಮಿತಿ ಹಾಕಿತು. ಬಳಿಕ ಮಿತಿಯ ಸೂತ್ರ ಬದಲಾಗುತ್ತಾ ಬಂದು, 2022ರ ಏಪ್ರಿಲ್‌ನಲ್ಲಿ ಮಿತಿಯೇ ಹೋಯಿತು. ದರವನ್ನು ಕಂಪನಿಯೇ ನಿಗದಿ ಮಾಡಬಹುದು, ‘ಸುಲಿಗೆ’ ಆಗದಿದ್ದರೆ ಸಾಕು. ಎಷ್ಟಾದರೆ ಸುಲಿಗೆ? ಅಂಕಿ ಹೇಳಲಿಲ್ಲ. 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್, ನಾಲ್ಕು ಕಂಪನಿಗಳು ಹೊಸ ಸಾಲ ಕೊಡದಂತೆ ತಡೆದದ್ದೂ ದುಬಾರಿ ದರದ ಕಾರಣಕ್ಕೇ.

ಅದೇ 2022ರ ಮೇನಲ್ಲಿ ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕ್ ನೋಂದಾಯಿತ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸದು ಎಂದಿತು. ಈಗ ಗಡಿ ಹೊಳೆಯಲ್ಲಿಲ್ಲ, ಸಾಲಪತ್ರದಲ್ಲಿದೆ: ಒಂದೇ ಓಣಿಯಲ್ಲಿ ಗಿರವಿ ಅಂಗಡಿಗೆ ಶೇ 14ರ ಮಿತಿ, ಪಕ್ಕದ ಕಂಪನಿಯ ಶಾಖೆಗೆ ಅದು ಇಲ್ಲ.

ಮಿತಿ ಬಿಗಿಯಾದರೆ ಕಂಪನಿ ಬಡವನಿಗೆ ಸಾಲ ನಿಲ್ಲಿಸುತ್ತದೆ, ಅವನು ಮೀಟರ್ ಬಡ್ಡಿಯವನ ಬಾಗಿಲಿಗೇ ಹೋಗುತ್ತಾನೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಒಂದು ಅಂಕಿ ಬೇಕು, ಅದನ್ನು ಕೈಗೆ ಬಂದ ಹಣದ ಮೇಲೆ ಎಣಿಸಬೇಕು. 2025ರ ಫೆಬ್ರುವರಿಯ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇಟ್ಟಿತು. ನೋಂದಣಿಯಿಲ್ಲದವರ ಸಾಲ ಮನ್ನಾ ಎಂದಿತು. ಬಡ್ಡಿ ಎಷ್ಟಿರಬೇಕು ಎಂಬಲ್ಲಿ ಮಾತ್ರ, ದರ ಎಷ್ಟೆಂದು ತಿಳಿಸಿ ಎಂದು ಕೇಳಿ ಸುಮ್ಮನಾಯಿತು.