ಸೆಕೆಂಡ್‌ಹ್ಯಾಂಡ್ ಕಾರು: ಕಿಲೋಮೀಟರ್ ಜೊತೆ ಗಂಟೆಯನ್ನೂ ಲೆಕ್ಕ ಹಾಕಿ

ಹಳೇ ಕಾರು ತೋರಿಸಲು ನಮ್ಮ ಗ್ಯಾರೇಜಿಗೆ ಬರುವವರು ಮೊದಲು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಸಾರ್, ಬರೀ ನಲವತ್ತು ಸಾವಿರ ಓಡಿದೆ, ಸಿಂಗಲ್ ಓನರ್." ಮಾರುವವರು ಅದನ್ನೇ ಒತ್ತಿ ಹೇಳಿರುತ್ತಾರೆ, ಕೊಳ್ಳುವವರು ಅದಕ್ಕೇ ಮನಸೋತಿರುತ್ತಾರೆ. ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ತಿರುಗಿಸದೇ ಇದ್ದರೂ ಬೆಂಗಳೂರಿನ ಕಾರಿನ ವಿಷಯದಲ್ಲಿ ಆ ನಲವತ್ತು ಸಾವಿರ ಅರ್ಧ ಕಥೆ ಮಾತ್ರ.

ಒಂದು ಸಣ್ಣ ಲೆಕ್ಕ ಹಾಕೋಣ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ. ಈ ವೇಗದಲ್ಲಿ 40,000 ಕಿ.ಮೀ. ಓಡಿದ ಕಾರಿನ ಇಂಜಿನ್ ಸುಮಾರು 2,000 ಗಂಟೆ ದುಡಿದಿದೆ. ಅದೇ 2,000 ಗಂಟೆ ತುಮಕೂರು ಹೈವೇಯಲ್ಲಿ ಗಂಟೆಗೆ 60ರಂತೆ ಓಡಿದ್ದರೆ ಮೀಟರ್ 1,20,000 ತೋರಿಸುತ್ತಿತ್ತು. ಹಾಗಾಗಿ ಬೆಂಗಳೂರು-ಹುಬ್ಬಳ್ಳಿ ಓಡಾಡಿದ ಲಕ್ಷ ಕಿ.ಮೀ. ಕಾರು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ನಿಂತು ನಲವತ್ತು ಸಾವಿರ ಮಾಡಿದ ಕಾರಿಗಿಂತ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ಇದನ್ನು ಹೇಳಿದರೆ ಬಹಳ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ, ಮಾರುವವರ ಕಡೆಯವನೇನೋ ಅಂತ.

ಹಿಂದೆ ಒಬ್ಬರು ಎರಡು ವ್ಯಾಗನಾರ್ ನೋಡಿಟ್ಟುಕೊಂಡು ಬಂದಿದ್ದರು. ಎರಡೂ 2017ರವು. ಒಂದು ಮಾರತಹಳ್ಳಿ, ವೈಟ್‌ಫೀಲ್ಡ್ ಕಡೆ ದಿನಾ ಆಫೀಸಿಗೆ ಹೋಗಿ ಬಂದದ್ದು, ನಲವತ್ತರ ಒಳಗೇ ಇತ್ತು. ಇನ್ನೊಂದು ಒಬ್ಬ ಮೆಡಿಕಲ್ ರೆಪ್ ಇಟ್ಟುಕೊಂಡಿದ್ದು, ಹಾಸನ, ಚಿಕ್ಕಮಗಳೂರು ಸುತ್ತಿ ತೊಂಬತ್ತರ ಹತ್ತಿರ ಬಂದಿತ್ತು. ಮೊದಲನೆಯದರಲ್ಲಿ ಕ್ಲಚ್ ಮುಗಿಯುತ್ತಾ ಬಂದಿತ್ತು, ಇಂಜಿನ್ ಮೌಂಟ್ ಸಡಿಲವಾಗಿ ಕಾರು ನಿಂತಲ್ಲೇ ನಡುಗುತ್ತಿತ್ತು, ಎ.ಸಿ. ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗುತ್ತಿರಲಿಲ್ಲ. ಎರಡನೆಯದು ಮುಂದಿನ ಬಂಪರ್ ತುಂಬಾ ಕಲ್ಲೇಟಿನ ಗುರುತು ಬಿಟ್ಟರೆ ಮಿಕ್ಕೆಲ್ಲ ಸರಿಯಿತ್ತು. ನಾನು ಎರಡನೆಯದನ್ನೇ ತಗೊಳ್ಳಿ ಅಂದೆ. ಬೆಲೆಯೂ ಕಮ್ಮಿ ಇತ್ತು.

ಗಂಟೆಗಳ ಲೆಕ್ಕ ಮೀಟರಿನಲ್ಲಿ ಕಾಣದಿದ್ದರೂ ಕಾರಿನ ಮೈಮೇಲೆ ಕಾಣುತ್ತದೆ. ಕ್ಲಚ್ ಪೆಡಲಿನ ರಬ್ಬರ್ ನೋಡಿ. ಗೇರ್ ನಾಬ್, ಸ್ಟೀರಿಂಗಿನ ಮೇಲ್ಭಾಗ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಇಪ್ಪತ್ತು ಸಾವಿರ ಕಿ.ಮೀ. ಓಡಿದ ಕಾರಿನಲ್ಲಿ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಒಂದೋ ಮೀಟರ್ ಸುಳ್ಳು, ಇಲ್ಲವೇ ಕಾರು ಟ್ರಾಫಿಕ್ಕಿನಲ್ಲೇ ಬೆಳೆದಿದೆ. ಎರಡರಲ್ಲಿ ಯಾವುದಾದರೂ ಬೆಲೆ ಇಳಿಸಲು ಕಾರಣವೇ.

ಕ್ಲಚ್ ಪರೀಕ್ಷೆ ನೀವೇ ಮಾಡಬಹುದು. ಮುಂದೆ ಯಾರೂ ಇಲ್ಲದ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಇಂಜಿನ್ ತಟ್ಟನೆ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ ಅಂತ ಅರ್ಥ. ಪೂರ್ತಿ ಬಿಟ್ಟರೂ ಗುಂಯ್ ಅಂತ ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಮಾಡಿದರೆ ಸಾಕು, ಬೇರೆಯವರ ಕಾರು ಅದು. ಆಮೇಲೆ ಒಂದು ಏರು ಹತ್ತಿಸಿ. ರಾಜರಾಜೇಶ್ವರಿ ನಗರದಲ್ಲೋ ಮಲ್ಲೇಶ್ವರದಲ್ಲೋ ಬೇಕಾದಷ್ಟು ಏರುಗಳಿವೆ.

ಟೆಸ್ಟ್ ಡ್ರೈವಿಗೆ ಮಾರುವವರು ಯಾವಾಗಲೂ ಹೊಸದಾಗಿ ಡಾಂಬರು ಹಾಕಿದ ರಸ್ತೆಗೇ ಕರೆದುಕೊಂಡು ಹೋಗುತ್ತಾರೆ. ನೀವು ಗುಂಡಿ ಬಿದ್ದ ರಸ್ತೆ ಕೇಳಿ. ನಮ್ಮೂರಲ್ಲಿ ಅದಕ್ಕೇನು ಬರ ಇಲ್ವಲ್ಲ. ಕಿಟಕಿ ಇಳಿಸಿ, ರೇಡಿಯೋ ಆಫ್ ಮಾಡಿ, ಹಂಪ್‌ಗಳ ಮೇಲೆ ನಿಧಾನಕ್ಕೆ ಓಡಿಸಿ. ಮುಂದಿನ ಚಕ್ರದ ಕಡೆ ಕಟಕಟ ಅಂದರೆ ಲಿಂಕ್ ರಾಡ್ ಅಥವಾ ಲೋಯರ್ ಆರ್ಮ್ ಬುಷ್ ಇರಬಹುದು, ಅದು ಹೆದರುವ ಖರ್ಚಲ್ಲ. ಸ್ಟೀರಿಂಗ್ ತಿರುಗಿಸಿದಾಗ ಕೈಗೇ ಬಡಿತ ಗೊತ್ತಾದರೆ ಸ್ಟೀರಿಂಗ್ ರ‍್ಯಾಕ್ ಕಡೆ ಅನುಮಾನ ಪಡಬೇಕು, ಅದು ದುಬಾರಿ. ಇನ್ನೊಂದು ಮಾತು. ನೀವು ಹೋಗುವ ಮುಂಚೆ ಕಾರು ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣನೆಯ ಇಂಜಿನ್ ಏನೋ ಹೇಳುವುದಿತ್ತು, ಅದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ.

ಸರ್ವೀಸ್ ಬಿಲ್ ನೋಡುವಾಗಲೂ ಜನ ಕಿ.ಮೀ. ಮಾತ್ರ ನೋಡುತ್ತಾರೆ. ತಾರೀಖು ನೋಡಿ. ಬಹುತೇಕ ಪೆಟ್ರೋಲ್ ಸಣ್ಣ ಕಾರುಗಳಿಗೆ ಕಂಪನಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. "ಕಾರು ಓಡೇ ಇಲ್ಲ, ಇನ್ಯಾಕೆ ಆಯಿಲ್" ಅಂತ ಮೂರು ವರ್ಷ ಹಾಗೇ ಬಿಟ್ಟವರು ಬಹಳ. ಆಯಿಲ್ ಫಿಲ್ಲರ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಡಿ. ಕಪ್ಪು ಜಿಡ್ಡು ಗಟ್ಟಿಯಾಗಿ ಅಂಟಿದ್ದರೆ ಆ ಕಾರು ಬೇಡ.

ಇದಕ್ಕೆ ಉಲ್ಟಾ ಇರುವ ಕಾರೂ ಬೆಂಗಳೂರಿನಲ್ಲಿ ಜಾಸ್ತಿ. ಜಯನಗರ, ಬಸವನಗುಡಿ ಕಡೆಯ ಹಿರಿಯರ ಕಾರು. ಮಕ್ಕಳು ಅಮೆರಿಕದಲ್ಲಿ, ಕಾರು ಭಾನುವಾರ ದೇವಸ್ಥಾನಕ್ಕೆ ಮಾತ್ರ. ಹನ್ನೆರಡು ಸಾವಿರ ಕಿ.ಮೀ., ಒಂದು ಗೀರೂ ಇಲ್ಲ. ಇದು ಒಳ್ಳೆ ಕಾರೇ, ಆದರೆ ನಿಂತ ಕಾರಿಗೆ ನಿಂತ ಕಾಯಿಲೆಗಳಿವೆ. ಟೈರಿನಲ್ಲಿ ಹೂವು, ಅಂದರೆ ಮೇಲಿನ ಗೆರೆಗಳು, ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ನಾಲ್ಕು ಟೈರಿನ ಬೆಲೆ ಕಳೆದೇ ಮಾತಾಡಿ. ಬ್ಯಾಟರಿ, ಬೆಲ್ಟ್, ಕೂಲೆಂಟ್ ಪೈಪು ಕೂಡ ಹಾಗೇ. ಜೊತೆಗೆ ಇಲಿ. ಬೇಸ್‌ಮೆಂಟಿನಲ್ಲಿ ನಿಂತ ಕಾರಿನ ವೈರ್ ಇಲಿ ಕಡಿದಿದ್ದರೆ ಇಂಜಿನ್ ಲೈಟ್ ಬರುತ್ತದೆ, ಹೋಗುತ್ತದೆ, ಯಾಕೆ ಅಂತ ಹುಡುಕುವುದಕ್ಕೇ ದಿನಗಟ್ಟಲೆ ಬೇಕು.

ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ಮಾತ್ರ ನಾನು ಮೆತ್ತಗೆ ಮಾತಾಡಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಔಟರ್ ರಿಂಗ್ ರೋಡ್ ಪಕ್ಕದ ಲೇಔಟ್‌ಗಳು ಮುಳುಗಿದವು. 2025ರ ಮೇ ತಿಂಗಳಲ್ಲಿ ಸಾಯಿ ಲೇಔಟ್. ಅಂಥ ಕಾರುಗಳನ್ನು ತೊಳೆದು, ಪಾಲಿಷ್ ಹೊಡೆದು ಮಾರುವವರು ಇದ್ದೇ ಇರುತ್ತಾರೆ. ಸೀಟ್ ಬೆಲ್ಟ್ ಕೊನೆವರೆಗೂ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಗೆ ಮುಗಿಯಿತು. ಸೀಟಿನ ಕೆಳಗಿನ ಬೋಲ್ಟ್‌ಗಳಲ್ಲಿ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ಕಾರ್ಪೆಟ್ ಕೆಳಗೆ ಮುಗ್ಗಲು ವಾಸನೆ. ಇವುಗಳಲ್ಲಿ ಎರಡು ಸಿಕ್ಕರೂ ವಾಪಸ್ ಬನ್ನಿ. ಎಷ್ಟೇ ಕಮ್ಮಿ ಬೆಲೆಗೆ ಕೊಟ್ಟರೂ ಬೇಡ.

ಯಾವ ಕಾರು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಆಲ್ಟೊ, ವ್ಯಾಗನಾರ್, ಸ್ವಿಫ್ಟ್, ಐ10, ಗ್ರ್ಯಾಂಡ್ ಐ10, ಟಿಯಾಗೊ, ಇವುಗಳ ಸ್ಪೇರ್ ಜೆ.ಸಿ. ರೋಡಿನಲ್ಲಿ ಯಾವಾಗ ಹೋದರೂ ಸಿಗುತ್ತದೆ, ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ನನಗೆ ಒಂದೇ ಹೆಸರು ಹೇಳಿ ಅಂದರೆ ಒಂದು ಲೀಟರ್ ಇಂಜಿನ್ನಿನ ವ್ಯಾಗನಾರ್. ಅದರಲ್ಲಿ ಇಂಜಿನ್ನಿನ ವಾಲ್ವ್‌ಗಳನ್ನು ನಡೆಸಲು ಟೈಮಿಂಗ್ ಚೈನ್ ಇದೆ, ಬೆಲ್ಟಿನ ಹಾಗೆ ಅವಧಿಗೊಮ್ಮೆ ಬದಲಿಸಬೇಕಿಲ್ಲ. ಆಲ್ಟೊ 800 ಮತ್ತು ಹಳೇ 1.1 ಲೀಟರ್ ಐ10ರಲ್ಲಿ ಇರುವುದು ಬೆಲ್ಟ್. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ತುಂಡಾದರೆ ನಡುರಸ್ತೆಯಲ್ಲಿ ನಿಲ್ಲುತ್ತದೆ, ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಬಾಗಿ ದೊಡ್ಡ ಕೆಲಸವೇ ಆಗುತ್ತದೆ.

ಭಾರತದಲ್ಲಿ ಮಾರಾಟ ನಿಲ್ಲಿಸಿದ ಕಂಪನಿಗಳ ಕಾರು ಅಗ್ಗಕ್ಕೆ ಸಿಗುತ್ತವೆ. ಷೆವರ್ಲೆ 2017ರ ಕೊನೆಗೆ, ಡಾಟ್ಸನ್ 2022ರಲ್ಲಿ ನಿಂತವು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ಬಿಡುವುದಾಗಿ ಹೇಳಿತು. ಫಿಗೊ ಗಟ್ಟಿ ಕಾರು, ಗೊತ್ತಿರುವ ಮೆಕ್ಯಾನಿಕ್ ಇದ್ದರೆ ತಗೊಳ್ಳಿ. ಮೊದಲ ಸಲ ಕಾರು ಕೊಳ್ಳುವವರಿಗೆ ನಾನು ಹೇಳಲ್ಲ. ಡೀಸೆಲ್ ಅಂತೂ ನಗರದೊಳಗೆ ಓಡಿಸುವವರಿಗೆ ಬೇಡವೇ ಬೇಡ. 2020ರ ನಂತರದ ಬಿ.ಎಸ್. 6 (ಹೊಸ ಹೊಗೆ ನಿಯಮದ) ಡೀಸೆಲ್ ಕಾರುಗಳಲ್ಲಿ ಹೊಗೆ ಶೋಧಿಸುವ ಡಿಪಿಎಫ್ ಇರುತ್ತದೆ. ಅದು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳಲು ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಹೆಬ್ಬಾಳದಲ್ಲಿ ಅದೆಲ್ಲಿ ಸಾಧ್ಯ? ಉತ್ತರದಿಂದ ಬರುವ ಅಗ್ಗದ ಡೀಸೆಲ್ ಕಾರುಗಳೂ ಇವೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ಬಂದ ನಿರ್ಬಂಧದಿಂದ ಈ ಕಡೆ ಹರಿದು ಬಂದವು. ಆ ಬೆಲೆಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಸಿ, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರುವ ಓಡಾಟ ಸೇರಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ.

ಎಎಂಟಿ, ಅಂದರೆ ಗೇರ್ ತಾನೇ ಬದಲಾಗುವ ಕಾರಿನ ಬಗ್ಗೆ ಒಂದು ಮಾತು. ಕಾಲಿನ ಕೆಳಗೆ ಕ್ಲಚ್ ಪೆಡಲ್ ಇಲ್ಲ ಅಷ್ಟೇ, ಒಳಗೆ ಅದೇ ಕ್ಲಚ್ ಇದೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸದವರ ಕೈಯಲ್ಲಿ ಅದು ಬೇಗ ಸುಡುತ್ತದೆ.

ಬಜೆಟ್ ಸ್ವಲ್ಪ ಎಳೆಯಲು ಆದರೆ 2019ರ ಜುಲೈ ನಂತರದ ಕಾರು ನೋಡಿ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು ಆಗ, ಗಟ್ಟಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಅದೇ ವರ್ಷ ಅದಕ್ಕಿಂತ ತುಸು ಮೊದಲು. ಅದಕ್ಕೂ ಹಿಂದಿನ ಬೇಸ್ ಮಾಡೆಲ್‌ಗಳಲ್ಲಿ ಎರಡೂ ಇಲ್ಲದೇ ಇರಬಹುದು. ಬೆಲೆ ಚೌಕಾಸಿ ಮಾಡುವಾಗ ಇನ್ನೊಂದು ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಹೊಸ ಕಾರು ಅಗ್ಗವಾದ ಮೇಲೆ ಹಳೇ ಕಾರಿಗೆ ಹಳೇ ಬೆಲೆ ಯಾಕೆ ಕೊಡಬೇಕು? ಮಾರುವವರು ಇದನ್ನು ತಾವಾಗೇ ಹೇಳುವುದಿಲ್ಲ.

ಕಾಗದಪತ್ರದ ವಿಷಯ ಬೇಜಾರಿನದು, ಆದರೂ ಓದಿ. ಸಾರಿಗೆ ಇಲಾಖೆಯ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿ, ಇನ್ಶೂರೆನ್ಸ್, ಸಾಲದ ವಿವರ ಸಿಗುತ್ತದೆ. ಬ್ಯಾಂಕ್ ಸಾಲ ಆರ್‌ಸಿಯಲ್ಲಿ ಇನ್ನೂ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಬರುವವರೆಗೂ ಪೂರ್ತಿ ಹಣ ಕೊಡಬೇಡಿ. ಟ್ರಾಫಿಕ್ ದಂಡ ಬಾಕಿ ಇದೆಯೇ ನೋಡಿ, ಇದ್ದರೆ ನಿಮ್ಮೆದುರೇ ಕಟ್ಟಿಸಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಕಾರೋ ಅಂತಲೂ ಕೇಳಿ. ಕೆಟ್ಟದ್ದು ಅಂತಲ್ಲ, ಗಂಟೆಗಳ ಲೆಕ್ಕ ಅಲ್ಲಿ ಇನ್ನೂ ಜಾಸ್ತಿ. ಸಿಎನ್‌ಜಿ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರ್ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಆಗಿರಬೇಕು. 15 ವರ್ಷ ಹತ್ತಿರವಿರುವ ಕಾರಿಗೆ ಆರ್‌ಸಿ ನವೀಕರಣದ ಶುಲ್ಕವೇ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಅದಕ್ಕೆ ಮುಂಚೆ ರಿಪೇರಿ ಮಾಡಿಸಿ ಫಿಟ್‌ನೆಸ್ ಪಾಸಾಗಿಸುವ ಖರ್ಚು ಬೇರೆ.

ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. "ಆಮೇಲೆ ಮಾಡಿಸೋಣ ಬಿಡಿ ಸಾರ್" ಅನ್ನುವ ಬ್ರೋಕರ್ ಮಾತು ಕೇಳಿ ಮಾರಿದವರು ಸುಮ್ಮನಾಗಬಾರದು. ಕಾರು ಎಷ್ಟು ಕೈ ಬದಲಾಯಿಸಿದ್ದರೂ ಅಪಘಾತವಾದಾಗ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಸಹಿ ಹಾಕಿದ ಖಾಲಿ ಫಾರ್ಮ್ ಯಾರ ಕೈಗೂ ಕೊಡಬೇಡಿ.

ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಓನರ್‌ಗೆ ಸಿಕ್ಕಿದ್ದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಾರಿನ ಜೊತೆ ಬರುವುದಿಲ್ಲ, ಅದು ಅವರ ಸ್ವಂತದ್ದು. ಆ ವ್ಯತ್ಯಾಸದ ಹಣ ನಿಮ್ಮ ತಲೆಗೇ. "ಇನ್ಶೂರೆನ್ಸ್ ಇನ್ನೂ ಹತ್ತು ತಿಂಗಳಿದೆ" ಅಂತ ಅದಕ್ಕೂ ಬೆಲೆ ಕಟ್ಟಿದರೆ ಈ ಲೆಕ್ಕ ಮುಂದಿಡಿ.

ಕಾರು ಮನೆಗೆ ಬಂದ ಮೇಲೆ ಮೊದಲ ತಿಂಗಳಲ್ಲೇ ಇಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಿಸಿ, ಹಳಬರು ಏನೇ ಹೇಳಿರಲಿ. ಕೊಂಡ ಬೆಲೆಯ ಹತ್ತನೇ ಒಂದು ಭಾಗ ಇದಕ್ಕೆಂದೇ ಎತ್ತಿಟ್ಟಿದ್ದರೆ ಗಾಬರಿ ಇಲ್ಲ. 2023ಕ್ಕಿಂತ ಹಳೇ ಕಾರುಗಳಲ್ಲಿ ಹೆಚ್ಚಿನವು ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಅಂತ ತಯಾರಾದವಲ್ಲ. ಪೆಟ್ರೋಲ್ ಪೈಪು, ರಬ್ಬರ್ ಸೀಲ್ ಒಮ್ಮೆ ತೋರಿಸಿ. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಕಾರು ನಿಲ್ಲಿಸಬೇಡಿ. ಫಾಸ್ಟ್ಯಾಗ್ ಹಳಬರದ್ದೇ ಅಂಟಿಕೊಂಡಿದ್ದರೆ ಅವರ ಕೈಯಲ್ಲೇ ಮುಚ್ಚಿಸಿ, ನಿಮ್ಮ ಹೆಸರಿನ ಆರ್‌ಸಿ ಬಂದ ಮೇಲೆ ಹೊಸದು ತಗೊಳ್ಳಿ. ಇಲ್ಲದಿದ್ದರೆ ನೀವು ನೆಲಮಂಗಲ ಟೋಲ್ ದಾಟಿದಾಗಲೆಲ್ಲ ಮೆಸೇಜ್ ಹೋಗುವುದು ಅವರಿಗೆ, ದುಡ್ಡು ಹೋಗುವುದೂ ಅವರದ್ದೇ, ಫೋನ್ ಬರುವುದು ಮಾತ್ರ ನಿಮಗೆ.