ಭಾನುವಾರದ ದೋಣಿಗೆ ಯಾವ ಎಂಜಿನ್: ಹಿಂದೆ ತೂಗುವ ಔಟ್‌ಬೋರ್ಡೋ, ಒಳಗೆ ಕೂರುವ ಡೀಸೆಲೋ?

ಓದುಗರ ಪ್ರಶ್ನೆ: ನನ್ನ ಮನೆ ಕಾಸರಗೋಡಿನ ಕುಂಬಳೆ ಹತ್ತಿರ. 22 ಅಡಿಯ ಹಳೆಯ ಫೈಬರ್ ದೋಣಿ ತೆಗೆದುಕೊಂಡಿದ್ದೇನೆ. ಮೀನು ಹಿಡಿಯುವುದಕ್ಕಲ್ಲ. ಭಾನುವಾರ ಮನೆಯವರನ್ನು ಕರೆದುಕೊಂಡು ಶಿರಿಯ ಹೊಳೆಯಲ್ಲಿ ಒಂದು ಸುತ್ತು ಹೋಗಬೇಕು, ವರ್ಷಕ್ಕೊಮ್ಮೆ ನೀಲೇಶ್ವರದ ಕಡೆಗೂ ಕೊಂಡೊಯ್ಯಬೇಕು ಅಂತ ಆಸೆ. ಟ್ರಾಲರ್‌ನಲ್ಲಿ ದುಡಿದ ಒಬ್ಬರು ಡೀಸೆಲ್ ಎಂಜಿನ್ ಒಳಗೆ ಕೂರಿಸಿ, ಹತ್ತು ವರ್ಷ ನೋಡಬೇಕಾಗಿಲ್ಲ ಅಂತಾರೆ. ಕಡಪ್ಪುರದ (ಕಡಲ ದಂಡೆಯ ಮೀನುಗಾರರ ಕೇರಿಯ) ಇನ್ನೊಬ್ಬರು ಔಟ್‌ಬೋರ್ಡ್ ಬಿಟ್ಟು ಬೇರೆ ಯೋಚನೆಯೇ ಬೇಡ ಅಂತಾರೆ. ಯಾರ ಮಾತು ಕೇಳಲಿ?

ನಿಮ್ಮ ದೋಣಿಗೆ ಔಟ್‌ಬೋರ್ಡೇ ಸರಿ. 10ರಿಂದ 15 ಎಚ್‌ಪಿಯ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಸಾಕು. ಆದರೆ ಟ್ರಾಲರ್‌ನವರು ಹೇಳಿದ್ದೂ ಸುಳ್ಳಲ್ಲ. ಅವರು ಅವರ ಕೆಲಸದ ಎಂಜಿನ್ ಹೇಳಿದರು, ಕಡಪ್ಪುರದವರು ಅವರ ಕೆಲಸದ್ದು ಹೇಳಿದರು. ನಿಮ್ಮ ಕೆಲಸ ಎರಡೂ ಅಲ್ಲ.

ಈ ಎರಡು ಅಭ್ಯಾಸ ನಮ್ಮ ಕರಾವಳಿಗೆ ಬೇರೆ ಬೇರೆ ಕಾಲದಲ್ಲಿ ಬಂದವು. 1952ರಲ್ಲಿ ಒಪ್ಪಂದವಾದ ಇಂಡೋ-ನಾರ್ವೇಜಿಯನ್ ಯೋಜನೆ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಶುರುವಾಯಿತು. ಒಳಗೆ ಡೀಸೆಲ್ ಎಂಜಿನ್ ಇರುವ ಮೀನುಗಾರಿಕೆ ಬೋಟುಗಳು ಕೇರಳದಲ್ಲಿ ಬೇರು ಬಿಟ್ಟದ್ದು ಅಲ್ಲಿಂದ. ಸಣ್ಣ ದೋಣಿಗಳ ಹಿಂದೆ ಔಟ್‌ಬೋರ್ಡ್ ತೂಗತೊಡಗಿದ್ದು 1980ರ ದಶಕದಲ್ಲಿ. ದಿನಗಟ್ಟಲೆ ಬಲೆ ಎಳೆಯುವ ಭಾರದ ಬೋಟಿಗೆ ಡೀಸೆಲ್, ಮರಳಿನ ಮೇಲೆ ಎಳೆದು ಹಾಕುವ ಹಗುರ ದೋಣಿಗೆ ಔಟ್‌ಬೋರ್ಡ್. ಇಬ್ಬರಿಗೂ ಅನುಭವವೇ ಪಾಠ ಕಲಿಸಿದೆ.

ನಿಮ್ಮ ವಿಷಯದಲ್ಲಿ ಮೊದಲು ನೋಡಬೇಕಾದ್ದು ಎಚ್‌ಪಿ ಅಲ್ಲ, ನೀರಿನ ಆಳ. ಶಿರಿಯ ಇರಲಿ, ಚಂದ್ರಗಿರಿ ಇರಲಿ, ನಮ್ಮ ಹೊಳೆಗಳು ಅಳಿವೆ ಹತ್ತಿರ ಬಂದಾಗ ಮರಳು ತುಂಬಿಕೊಂಡಿರುತ್ತವೆ. ಮಳೆಗಾಲ ಮುಗಿದಾಗ ಮರಳಿನ ದಿಣ್ಣೆ ಹೋದ ವರ್ಷದ ಜಾಗದಲ್ಲಿ ಇರುವುದಿಲ್ಲ. ಭರತದಲ್ಲಿ ಸಲೀಸಾಗಿ ಹೋದ ದಾರಿಯಲ್ಲೇ ಇಳಿತದಲ್ಲಿ ವಾಪಸ್ ಬರುವಾಗ ತಳ ಉಜ್ಜುತ್ತದೆ. ಒಳಗಿನ ಡೀಸೆಲ್ ಎಂಜಿನ್ನಿನ ಶಾಫ್ಟು, ಅದು ತಿರುಗಿಸುವ ಫ್ಯಾನು (ನೀರು ತಳ್ಳುವ ಪ್ರೊಪೆಲ್ಲರ್), ಚುಕ್ಕಾಣಿ ಎಲ್ಲ ದೋಣಿಯ ತಳಕ್ಕಿಂತ ಕೆಳಗೆ, ಅಲ್ಲಾಡದ ಹಾಗೆ ಕೂತಿರುತ್ತವೆ. ಮರಳು ತಾಗಿದರೆ ಪೆಟ್ಟು ಅವಕ್ಕೇ. ಶಾಫ್ಟು ಒಂದು ಕೂದಲಷ್ಟು ಬಾಗಿದರೂ ದೋಣಿ ಇಡೀ ನಡುಗುತ್ತದೆ. ಔಟ್‌ಬೋರ್ಡ್ ಆದರೆ ಕೈಯಲ್ಲಿ ಹಿಡಿದು ಮೇಲಕ್ಕೆ ವಾಲಿಸಿದರಾಯಿತು. ಗಳ ಹಾಕಿ ದೋಣಿ ತಳ್ಳಿಕೊಂಡು ಆಳಕ್ಕೆ ಬಂದು ಮತ್ತೆ ಇಳಿಸಬಹುದು.

ಇದು ನಾನು ಕಣ್ಣಾರೆ ಕಂಡದ್ದು. ಭಾವನ ದೋಣಿಯಲ್ಲಿ ಒಳಗೆ ಡೀಸೆಲ್ ಇತ್ತು. ಒಮ್ಮೆ ಪಡನ್ನದ ಹತ್ತಿರ ಹಿನ್ನೀರಿನಲ್ಲಿ ಹೋಗುತ್ತಿದ್ದೆವು. ಅಲ್ಲಿ ಕಲ್ಲುಮ್ಮಕ್ಕಾಯಿ ಎಂಬ ತಿನ್ನುವ ಚಿಪ್ಪುಜೀವಿ ಬೆಳೆಸುತ್ತಾರೆ, ಗೊತ್ತಲ್ವಾ? ಗೂಟ ನೆಟ್ಟು, ಹಗ್ಗ ಇಳಿಬಿಟ್ಟು. ಎಲ್ಲಿಂದಲೋ ಕಿತ್ತುಬಂದ ಅಂಥ ಒಂದು ಹಗ್ಗ ನೀರಿನಡಿ ತೇಲುತ್ತಿತ್ತು. ಎಂಜಿನ್ ಒಮ್ಮೆ ಗುಡುಗಿ ನಿಂತಿತು. ಭಾವ ಅಂಗಿ ಬಿಚ್ಚಿ, ಕತ್ತಿ ಹಲ್ಲಲ್ಲಿ ಕಚ್ಚಿಕೊಂಡು ಮುಳುಗಿದರು. ಹಗ್ಗ ಶಾಫ್ಟಿಗೆ ಸುತ್ತಿ ಬಿಸಿಗೆ ಕರಗಿ ಗಟ್ಟಿಯಾಗಿತ್ತು. ಉಸಿರು ಕಟ್ಟಿ ಮುಳುಗುವುದು, ಎರಡು ಎಳೆ ಕೊಯ್ಯುವುದು, ಮೇಲೆ ಬರುವುದು. ಮುಕ್ಕಾಲು ಗಂಟೆ ಹಿಡಿಯಿತು. ಚಿಪ್ಪು ತಾಗಿ ಎರಡೂ ಮೊಣಕೈ ರಕ್ತ. ದೋಣಿಯಲ್ಲಿ ಮಕ್ಕಳಿದ್ದರು, ಅಕ್ಕ ಒಂದು ಮಾತೂ ಆಡದೆ ನೀರನ್ನೇ ನೋಡುತ್ತಿದ್ದಳು. ಔಟ್‌ಬೋರ್ಡ್ ಇದ್ದಿದ್ದರೆ ಎಂಜಿನ್ ವಾಲಿಸಿ, ದೋಣಿಯಲ್ಲೇ ಕೂತು ಕೊಯ್ಯಬಹುದಿತ್ತು.

ಎರಡನೆಯದು ಉಪ್ಪು. ಸಾಧಾರಣ ಔಟ್‌ಬೋರ್ಡ್ ಹೊರಗಿನ ನೀರನ್ನೇ ಎಳೆದು, ಎಂಜಿನ್ನಿನ ಒಳಗೆ ಹಾಯಿಸಿ ತಂಪಾಗುತ್ತದೆ. ಹಾಗಾಗಿ ಉಪ್ಪುನೀರು ಅದರ ಹೊಟ್ಟೆಯೊಳಗೇ ಓಡಾಡುತ್ತದೆ. ಮನೆಗೆ ಬಂದ ಕೂಡಲೇ ಬಾವಿ ನೀರಿನ ಡ್ರಮ್ಮಿನಲ್ಲಿ ಎಂಜಿನ್ನಿನ ಕಾಲು, ಅಂದರೆ ನೀರಿಗೆ ಇಳಿಯುವ ಕೆಳಭಾಗ, ಮುಳುಗಿಸಿ ಹತ್ತು ನಿಮಿಷ ಓಡಿಸಬೇಕು. ಬೇಸರ ಪಡಬೇಡಿ, ಇದೊಂದು ಕೆಲಸ ಬಿಡದೆ ಮಾಡಿದವರ ಎಂಜಿನ್ ಬಾಳುತ್ತದೆ. ಒಳಗಿನ ಡೀಸೆಲ್‌ಗಳಲ್ಲಿ ಹೆಚ್ಚಿನವು ಸಿಹಿನೀರು ಅಥವಾ ಕೂಲೆಂಟ್ ಒಳಗಿಟ್ಟುಕೊಂಡು, ಅದನ್ನು ಹೊರಗಿನ ನೀರಿನಿಂದ ತಂಪು ಮಾಡುತ್ತವೆ. ಆ ಮಟ್ಟಿಗೆ ಅವು ಮೇಲು. ಆದರೆ ಡೀಸೆಲ್ ದೋಣಿ ಸದಾ ನೀರಿನಲ್ಲೇ ಇರುತ್ತದೆ, ಕೆಳಗಿನ ಭಾಗಕ್ಕೆ ಚಿಪ್ಪು ಕಟ್ಟುತ್ತದೆ. ಔಟ್‌ಬೋರ್ಡನ್ನು ಬಿಚ್ಚಿ ಮನೆಯ ಜಗಲಿಯಲ್ಲಿ ಇಡಬಹುದು. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲರ್‌ಗಳೇ ಕಟ್ಟಿ ನಿಲ್ಲುತ್ತವೆ. ನೀವಂತೂ ಅದಕ್ಕಿಂತಲೂ ಜಾಸ್ತಿ ದಿನ ದೋಣಿಯನ್ನು ನೀರಿಗೆ ಇಳಿಸದೆ ಇಡುವವರು.

ಎರಡೂ ಎಂಜಿನ್ನಿಗೆ ಸಮಾನವಾದ ಒಂದು ಚಿಕ್ಕ ಭಾಗದ ಬಗ್ಗೆ ಹೇಳಲೇಬೇಕು: ನೀರು ಎಳೆಯುವ ಪಂಪಿನ ರಬ್ಬರ್ ಚಕ್ರ, ಇಂಪೆಲ್ಲರ್. ಬೆಂಡೆಕಾಯಿ ಅಡ್ಡ ಕೊಯ್ದ ಹಾಗೆ ಇರುತ್ತದೆ, ನಡುವಿನಿಂದ ಐದಾರು ರಬ್ಬರಿನ ಎಸಳು. ಮರಳು ನೀರು ಎಳೆದರೆ ಎಸಳಿನ ತುದಿ ಸವೆಯುತ್ತದೆ. ನೀರಿಲ್ಲದೆ ಸ್ವಲ್ಪ ಹೊತ್ತು ಓಡಿಸಿದರೂ ಹರಿದು ಹೋಗುತ್ತದೆ. ಹರಿದ ತುಂಡು ಸುಮ್ನೆ ಬಿದ್ದಿರುವುದಿಲ್ಲ, ನೀರಿನ ಕೊಳವೆಯಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಔಟ್‌ಬೋರ್ಡಿನಲ್ಲಿ ಹಿಂದೆ ಒಂದು ಸಣ್ಣ ತೂತಿನಿಂದ ನೀರು ಚಿಮ್ಮುತ್ತಾ ಇರಬೇಕು. ಧಾರೆ ಸಣ್ಣದಾದರೆ, ನೀರು ಮುಟ್ಟಿದಾಗ ಕೈ ಸುಡುವ ಹಾಗಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಒಂದು ಹೊಸ ಇಂಪೆಲ್ಲರ್ ಯಾವಾಗಲೂ ದೋಣಿಯಲ್ಲಿರಲಿ.

ಇನ್ನು ಖರ್ಚು. ಪೂರ್ತಿ ಶಕ್ತಿಯಲ್ಲಿ ಓಡಿಸಿದರೆ ಪೆಟ್ರೋಲ್ ಎಂಜಿನ್ ಗಂಟೆಗೆ ಒಂದು ಎಚ್‌ಪಿಗೆ ಸುಮಾರು 0.3 ಲೀಟರ್ ಕುಡಿಯುತ್ತದೆ, ಡೀಸೆಲ್ ಸುಮಾರು 0.2 ಲೀಟರ್. ಅಂದರೆ 10 ಎಚ್‌ಪಿಗೆ ಗಂಟೆಗೆ 3 ಲೀಟರ್ ಪೆಟ್ರೋಲ್, ಇಲ್ಲವೇ 2 ಲೀಟರ್ ಡೀಸೆಲ್. ದಿನಾ ಎಂಟು ಗಂಟೆ ಓಡಿಸುವವರಿಗೆ ಇದು ದೊಡ್ಡ ಉಳಿತಾಯ. ವರ್ಷಕ್ಕೆ ಮೂವತ್ತು ಭಾನುವಾರ, ಎರಡೆರಡು ಗಂಟೆ ಓಡಿಸುವ ನಿಮಗೆ ಉಳಿಯುವುದು 60 ಲೀಟರ್ ಇಂಧನ. ಆ ಉಳಿತಾಯದಲ್ಲಿ ಡೀಸೆಲ್ ಎಂಜಿನ್ನಿನ ಜಾಸ್ತಿ ಬೆಲೆ, ಅದಕ್ಕೆ ತಳಪಾಯ ಕಟ್ಟುವ, ಶಾಫ್ಟಿಗೆ ತೂತು ಕೊರೆಯುವ ಮಿಸ್ತ್ರಿಯ ಕೂಲಿ ಯಾವತ್ತೂ ಹುಟ್ಟುವುದಿಲ್ಲ. ಭಾರವೂ ಲೆಕ್ಕಕ್ಕೆ ಬರುತ್ತದೆ. 10 ಎಚ್‌ಪಿ ಆಸುಪಾಸಿನ ಔಟ್‌ಬೋರ್ಡ್ 40 ಕೆಜಿ ಹತ್ತಿರ ಇರುತ್ತದೆ, ಇಬ್ಬರು ಹೊತ್ತುಕೊಂಡು ಹೋಗಬಹುದು. ದೋಣಿಗೆಂದೇ ಮಾಡಿದ ಅಷ್ಟೇ ಶಕ್ತಿಯ ಡೀಸೆಲ್ ಅದರ ಎರಡು ಪಾಲು, ಮೂರು ಪಾಲು ತೂಗುತ್ತದೆ.

ಅಡಿಕೆ ತೋಟದ ಹಳೆಯ ಪಂಪ್‌ಸೆಟ್ ಮನೆಯಲ್ಲಿದೆ, ಅದನ್ನೇ ಕೂರಿಸಿದರೆ ಹೇಗೆ ಅಂತ ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ನೆಲದ ಮೇಲೆ ಅಲ್ಲಾಡದೆ ನಿಂತು, ಒಂದೇ ವೇಗದಲ್ಲಿ ಓಡಲು ಮಾಡಿದ ಎಂಜಿನ್. ಅಲೆಗೆ ವಾಲುವ ದೋಣಿಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಅದರ ಬಿಸಿ, ಹೊಗೆ, ನಡುಕ ಎಲ್ಲವೂ ಅಪಾಯ. ದೋಣಿಯ ತೂಕ ಹಂಚಿಕೊಂಡಿರುವ ರೀತಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಬಾರದು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಹೋದರು. ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ ದೋಣಿ ಅದು, ಮೇಲೆ ಹಿಡಿಸದಷ್ಟು ಜನ. ಸತ್ತವರಲ್ಲಿ ಎಷ್ಟೋ ಮಂದಿ ಮಕ್ಕಳು. ನೀವೂ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು, ಅದಕ್ಕೇ ಹೇಳಿದೆ.

ಪೆಟ್ರೋಲಿಗೂ ಅದರದೇ ಅಪಾಯವಿದೆ, ಮುಚ್ಚಿಡುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು. ಡೀಸೆಲ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಈ ವಿಷಯದಲ್ಲಿ ಟ್ರಾಲರ್‌ನವರ ಮಾತಿಗೆ ಪೂರ್ತಿ ತೂಕವಿದೆ. ಔಟ್‌ಬೋರ್ಡ್ ಇಡುವವರು ಟ್ಯಾಂಕನ್ನು ಗಾಳಿಯಾಡುವ ಜಾಗದಲ್ಲೇ ಇಡಬೇಕು, ಮುಚ್ಚಿದ ಪೆಟ್ಟಿಗೆಯಲ್ಲಿ ಅಲ್ಲ. ತುಂಬಿಸುವಾಗ ದೋಣಿಯಿಂದ ಇಳಿಸಿ ನೆಲದ ಮೇಲಿಟ್ಟು ತುಂಬಿಸಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಗಾಳಿ ಹೇಗೆ ಅಂತ ನಿಮಗೆ ಗೊತ್ತು, ಉಪ್ಪಿನ ಭರಣಿಯೇ ಮಳೆಗಾಲದಲ್ಲಿ ನೀರಾಗುತ್ತದೆ. ತೇವ ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಎಳೆಯುವುದು ಅದನ್ನೇ. ನನಗೆ ಇದು ಒಮ್ಮೆ ಅಳಿವೆ ಬಾಗಿಲಿನಲ್ಲೇ ಆಯಿತು. ಮಳೆಗಾಲದ ಮೊದಲು ತುಂಬಿಸಿದ್ದ ಪೆಟ್ರೋಲಿನಲ್ಲೇ ಸೆಪ್ಟೆಂಬರಿನಲ್ಲಿ ಹೊರಟಿದ್ದೆ. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಇಳಿತದ ನೀರು ಸಮುದ್ರದ ಕಡೆ ಎಳೆಯುತ್ತಿತ್ತು. ಲಂಗರು ಹಾಕಿದೆ, ಎರಡನೇ ಸಲ ಹಾಕಿದಾಗ ಹಿಡಿಯಿತು. ಅವತ್ತಿನಿಂದ ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡಿಯೇ ಒಳಗಿಡುತ್ತೇನೆ. ಲಂಗರೂ ಹಗ್ಗವೂ ಇಲ್ಲದೆ ಅಳಿವೆ ಕಡೆ ಹೋಗುವುದಿಲ್ಲ.

ಹಾಗಾದರೆ ಡೀಸೆಲ್ ಯಾರಿಗೆ? ದೋಣಿ ಭಾರದ್ದು, 28-30 ಅಡಿ, ಮಲಗುವ ಕೋಣೆ ಇರುವಂಥದ್ದು, ಆಳವಾದ ಬಂದರಿನಲ್ಲಿ ಕಟ್ಟುವ ಜಾಗವಿದೆ, ಸಮುದ್ರದಲ್ಲಿ ಗಂಟೆಗಟ್ಟಲೆ ಹೋಗುವವರು ಅಂದರೆ ನಾನೂ ಡೀಸೆಲ್ಲನ್ನೇ ಹೇಳುತ್ತೇನೆ. ದೊಡ್ಡ ಅಲೆಯಲ್ಲಿ ದೋಣಿಯ ಹಿಂಭಾಗ ಎದ್ದಾಗ ಔಟ್‌ಬೋರ್ಡಿನ ಫ್ಯಾನು ನೀರಿನಿಂದ ಹೊರಗೆ ಬಂದು ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಡೀಸೆಲ್ಲಿನ ದೊಡ್ಡ ಫ್ಯಾನು ಕೆಳಗೆ ನಿಧಾನಕ್ಕೆ ತಿರುಗುತ್ತಾ ನೀರನ್ನು ಹಿಡಿದೇ ಇರುತ್ತದೆ. ಆದರೆ ಅಂಥವರು ಶಾಫ್ಟು ಹೊರಗೆ ಹೋಗುವ ಜಾಗದಲ್ಲಿ ನೀರು ತಡೆಯುವ ಗ್ಲ್ಯಾಂಡನ್ನು ಪ್ರತಿ ಸಲ ಕೈಯಿಂದ ಮುಟ್ಟಿ ನೋಡಬೇಕು. ಹುರಿ ತುಂಬುವ ಹಳೆಯ ಬಗೆಯದಾದರೆ, ಓಡುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಬಿಸಿಯಾಗುತ್ತದೆ, ಧಾರೆಯಾದರೆ ದೋಣಿ ತುಂಬುತ್ತದೆ.

ಹಾಗಂತ ಎಚ್‌ಪಿ ಆಸೆಗೆ ಬೀಳಬೇಡಿ. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಯ ವೇಗಕ್ಕೆ ಒಂದು ಮಿತಿ ಇದೆ. ನೀರಿನಲ್ಲಿ ಕೂರುವ ಉದ್ದ 20 ಅಡಿ ಆದರೆ ಆ ಮಿತಿ ಸುಮಾರು 6 ನಾಟ್, ಗಂಟೆಗೆ 11 ಕಿಲೋಮೀಟರ್. ಅದಕ್ಕಿಂತ ಮೇಲೆ ಎಷ್ಟು ಎಂಜಿನ್ ಹಾಕಿದರೂ ಹಿಂಭಾಗ ಕುಸಿದು, ಮೂತಿ ಎದ್ದು, ಇಂಧನ ಮಾತ್ರ ಉರಿಯುತ್ತದೆ. ಚಪ್ಪಟೆ ತಳದ ಹಗುರ ದೋಣಿ ಮಾತ್ರ ನೀರಿನ ಮೇಲೆ ಎದ್ದು ಓಡಬಲ್ಲದು. ಮನೆಯವರ ಜತೆ ಹೊಳೆ ನೋಡುವವರಿಗೆ ಆ ವೇಗ ಯಾಕೆ ಬೇಕು?

ಅಂಗಡಿಗೆ ಹೋಗುವ ಮುಂಚೆ ದೋಣಿಯ ಹಿಂದಿನ ಹಲಗೆಯ ಎತ್ತರ ಅಳೆಯಿರಿ. ಔಟ್‌ಬೋರ್ಡಿನ ಕಾಲು 15 ಇಂಚು, 20 ಇಂಚು ಹೀಗೆ ಬರುತ್ತದೆ. ಹಲಗೆಗೆ ಹೊಂದದ ಕಾಲು ತಂದರೆ ಒಂದೋ ಫ್ಯಾನು ಗಾಳಿ ಎಳೆಯುತ್ತದೆ, ಇಲ್ಲವೇ ಮರಳು ಕೆರೆಯುತ್ತದೆ. ಕೈಗೆ ಕಟ್ಟುವ ಸ್ವಿಚ್ಚಿನ ಬಳ್ಳಿ ಎಂಜಿನ್ ಜತೆ ಬಂದಿದೆಯಾ ನೋಡಿ, ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವುದು ಅದೇ. ಎಂಜಿನ್ ಹಾಕಿದ ದೋಣಿಗೆ 2021ರ ಒಳನಾಡು ಜಲನೌಕೆ ಕಾಯ್ದೆಯ ಪ್ರಕಾರ ನೋಂದಣಿಯೂ ಬೇಕು. ಮೊದಲೇ ವಿಚಾರಿಸಿಕೊಂಡರೆ ಮತ್ತೆ ತಲೆನೋವಿಲ್ಲ.

ಅದಕ್ಕೂ ಮೊದಲು, ಈ ಅಮಾವಾಸ್ಯೆ ಕಳೆದು ಒಂದೆರಡು ದಿನದಲ್ಲಿ, ಇಳಿತ ಪೂರ್ತಿ ಆದಾಗ ಒಂದು ಬಿದಿರಿನ ಗಳ ತೆಗೆದುಕೊಂಡು ನಿಮ್ಮ ಕಡವಿಗೆ ಹೋಗಿ. ದೋಣಿ ಕಟ್ಟುವ ಜಾಗದಿಂದ ಅಳಿವೆಯ ದಾರಿಯುದ್ದಕ್ಕೂ ಆಳ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲಾದರೂ ಎರಡು ಅಡಿಗಿಂತ ಕಡಿಮೆ ಬಂದರೆ ಡೀಸೆಲ್ ಮಾತು ಅಲ್ಲಿಗೇ ಬಿಡಿ. ಎಲ್ಲ ಕಡೆ ಐದು ಅಡಿ ಸಿಕ್ಕಿದರೆ ನನಗೆ ಮತ್ತೊಮ್ಮೆ ಬರೆಯಿರಿ, ಆಗ ಕೂತು ಲೆಕ್ಕ ಹಾಕೋಣ.